ಕಾಮಾಲೆಯ ವೈರಸ್ಸನ್ನು ಕಂಡುಹಿಡಿದ ಡಾ. ಬರೂಕ್ ಬ್ಲಂಬರ್ಗ್

ಕಾಮಾಲೆ ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಉರ್ದುವಿನಲ್ಲಿ ಇದನ್ನು ಯರ್ಖಾನ್ ಎನ್ನುತ್ತೇವೆ, ಮನೆಮಾತಿನಲ್ಲಿ ಪೀಲಿಯಾ ಎನ್ನುತ್ತೇವೆ. ಕಣ್ಣು, ಉಗುರು, ಮೂತ್ರ ಹಳದಿಯಾದರೆ ಸಾಕು, ಮನೆಯ ಹಿರಿಯರು ನೆಲನೆಲ್ಲಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ ಕಾಮಾಲೆಯಿಂದ ಮೂರು ವಾರ ಶಾಲೆಗೆ ಬರಲಿಲ್ಲ. ಗುಣಮುಖನಾಗಿ ಬಂದ ದಿನ ಅವನ ಬೆಂಚಿನಲ್ಲಿ ಕುಳಿತುಕೊಳ್ಳಲು ಬೇರೆ ಹುಡುಗರು ಒಪ್ಪಲಿಲ್ಲ. ರೋಗ ಅಂಟುತ್ತದೆ ಎಂಬ ಹೆದರಿಕೆ ಅವರಿಗೆ. ಅಂಟುತ್ತದೆಯೇ ಇಲ್ಲವೇ ಎಂದು ಅವರು ನನ್ನನ್ನು ಕೇಳಿದಾಗ ನನಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನಾನು ಭಾಷಾ ಶಿಕ್ಷಕ, ವಿಜ್ಞಾನದ ಶಿಕ್ಷಕನಲ್ಲ. ಆದರೂ ಉತ್ತರ ತಿಳಿಯದೆ ಸುಮ್ಮನೆ ನಿಂತದ್ದು ನನ್ನ ಮನಸ್ಸನ್ನು ಕೊರೆಯಿತು. ಆ ಉತ್ತರವನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ಮಹಾನ್ ವಿಜ್ಞಾನಿಯ ಜೀವನ ಚರಿತ್ರೆ. ಅದನ್ನು ನಮ್ಮ ಸಂಸ್ಥೆಯ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬರೂಕ್ ಸ್ಯಾಮುಯೆಲ್ ಬ್ಲಂಬರ್ಗ್ ಅವರು 1925ರ ಜುಲೈ 28ರಂದು ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ಮೇಯರ್ ಬ್ಲಂಬರ್ಗ್ ವಕೀಲರು, ತಾಯಿಯ ಹೆಸರು ಐಡಾ. ಮೂವರು ಮಕ್ಕಳಲ್ಲಿ ಇವರು ಎರಡನೆಯವರು. ಇವರ ಅಜ್ಜ ಅಜ್ಜಿಯರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯೂರೋಪಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದವರು. ಬರೂಕ್ ಎಂದರೆ ಹೀಬ್ರೂ ಭಾಷೆಯಲ್ಲಿ ದೇವರ ಕೃಪೆಗೆ ಪಾತ್ರನಾದವನು ಎಂದು ಅರ್ಥ. ನಾವು ಬಳಸುವ ಮುಬಾರಕ್, ಬರಕತ್ ಎಂಬ ಶಬ್ದಗಳೂ ಇದೇ ಧಾತುವಿಗೆ ಸೇರಿದವು. ಸ್ನೇಹಿತರು ಮಾತ್ರ ಇವರನ್ನು ಬ್ಯಾರಿ ಎಂದು ಕರೆಯುತ್ತಿದ್ದರು.

ಇವರ ಪ್ರಾಥಮಿಕ ಶಿಕ್ಷಣ ಫ್ಲಾಟ್‌ಬುಶ್‌ನ ಯೆಶಿವಾದಲ್ಲಿ ನಡೆಯಿತು. ಯೆಶಿವಾ ಎಂದರೆ ಯಹೂದಿಯರ ಧಾರ್ಮಿಕ ಶಾಲೆ. ಅಲ್ಲಿ ಸಾಮಾನ್ಯ ಪಾಠಗಳ ಜೊತೆಗೆ ಧರ್ಮಗ್ರಂಥಗಳನ್ನು ಮೂಲ ಹೀಬ್ರೂವಿನಲ್ಲಿಯೇ ಓದಿಸುತ್ತಿದ್ದರು. ಒಂದು ವಾಕ್ಯದ ಮೇಲೆ ಹತ್ತು ಜನ ವ್ಯಾಖ್ಯಾನಕಾರರು ಹೇಳಿರುವುದನ್ನು ತೂಗಿ ನೋಡುವ ಅಭ್ಯಾಸ ಚಿಕ್ಕ ವಯಸ್ಸಿನಲ್ಲೇ ಇವರಿಗೆ ಬಂದಿತು. ಮುಂದೆ ವಿಜ್ಞಾನದಲ್ಲಿ ಇದೇ ಅಭ್ಯಾಸ ತಮಗೆ ನೆರವಾಯಿತೆಂದು ಅವರು ಸ್ಮರಿಸುತ್ತಿದ್ದರು. ಒಂದು ಜೀವವನ್ನು ಉಳಿಸುವುದರ ಮಹತ್ವದ ಬಗ್ಗೆ ತಾಲ್ಮುದ್‌ನಲ್ಲಿರುವ ಬೋಧನೆಯೇ ತಮ್ಮನ್ನು ವೈದ್ಯಕೀಯದ ಕಡೆಗೆ ಸೆಳೆಯಿತೆಂದೂ ಅವರು ಹೇಳಿಕೊಂಡಿದ್ದಾರೆ. ಇದೇ ಅರ್ಥದ ಬೋಧನೆ ಪವಿತ್ರ ಕುರ್‌ಆನ್‌ನಲ್ಲಿಯೂ ಇರುವುದು ನಮ್ಮ ಓದುಗರಿಗೆ ತಿಳಿದೇ ಇದೆ.

ಪ್ರೌಢಶಾಲೆಯ ಓದನ್ನು ಇವರು ಫಾರ್ ರಾಕವೇ ಎಂಬ ಸರ್ಕಾರಿ ಶಾಲೆಯಲ್ಲಿ ಮುಗಿಸಿದರು. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ರಿಚರ್ಡ್ ಫೈನ್‌ಮನ್ ಮತ್ತು ಬರ್ಟನ್ ರಿಕ್ಟರ್ ಕೂಡ ಅದೇ ಶಾಲೆಯ ವಿದ್ಯಾರ್ಥಿಗಳು. ಒಂದೇ ಸರ್ಕಾರಿ ಶಾಲೆಯಿಂದ ಮೂವರು ನೊಬೆಲ್ ವಿಜೇತರು ಹೊರಬಂದದ್ದನ್ನು ನಾವು ಶಿಕ್ಷಕರು ನೆನಪಿಡಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ ಬ್ಲಂಬರ್ಗ್ ಅಮೆರಿಕದ ನೌಕಾದಳವನ್ನು ಸೇರಿದರು. ಸೈನಿಕರನ್ನು ದಡಕ್ಕಿಳಿಸುವ ಹಡಗಿನ ಅಧಿಕಾರಿಯಾದರು. ನೌಕಾದಳದ ನೆರವಿನಿಂದಲೇ ಯೂನಿಯನ್ ಕಾಲೇಜಿನಲ್ಲಿ ಭೌತವಿಜ್ಞಾನದ ಪದವಿಯನ್ನು 1946ರಲ್ಲಿ ಪಡೆದರು. ಬಳಿಕ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಉನ್ನತ ವ್ಯಾಸಂಗಕ್ಕೆ ಸೇರಿದರು. ಆದರೆ ತಂದೆಯ ಸಲಹೆಯಂತೆ ಗಣಿತವನ್ನು ಬಿಟ್ಟು 1947ರಲ್ಲಿ ಅದೇ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಪ್ರವೇಶ ಪಡೆದು, 1951ರಲ್ಲಿ ವೈದ್ಯರಾಗಿ ಹೊರಬಂದರು. ನಂತರ ಎರಡು ವರ್ಷ ನ್ಯೂಯಾರ್ಕಿನ ಬಡವರ ಆಸ್ಪತ್ರೆಯೆಂದೇ ಹೆಸರಾದ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. 1954ರಲ್ಲಿ ಚಿತ್ರಕಲಾವಿದೆ ಜೀನ್ ಅವರೊಡನೆ ವಿವಾಹವಾಯಿತು. ದಂಪತಿಗೆ ನಾಲ್ವರು ಮಕ್ಕಳು.

ಸುರಿನಾಮ್‌ನಲ್ಲಿ ಹುಟ್ಟಿದ ಪ್ರಶ್ನೆ

ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅವರ ಬದುಕಿಗೆ ದಿಕ್ಕು ತೋರಿಸಿದ ಒಂದು ಪ್ರಸಂಗ ನಡೆಯಿತು. ಪರೋಪಜೀವಿ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಹೆರಾಲ್ಡ್ ಬ್ರೌನ್ ಎಂಬವರು ಇವರನ್ನು ಕೆಲವು ತಿಂಗಳ ಮಟ್ಟಿಗೆ ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಮೊಯೆಂಗೊ ಎಂಬ ಗಣಿ ಊರಿಗೆ ಕಳುಹಿಸಿದರು. ಸುತ್ತಲೂ ಜೌಗು, ಕಾಡು. ಸಕ್ಕರೆ ತೋಟಗಳ ಕೂಲಿಗಾಗಿ ಹಿಂದೆ ಆಫ್ರಿಕಾ, ಜಾವಾ, ಚೀನಾ ಮತ್ತು ನಮ್ಮ ಭಾರತದಿಂದ ತಂದು ಬಿಟ್ಟ ಜನರ ಸಂತತಿ ಅಲ್ಲಿ ಒಟ್ಟಿಗೆ ಬದುಕುತ್ತಿತ್ತು. ಬ್ಲಂಬರ್ಗ್ ಅಲ್ಲಿ ಹೆರಿಗೆ ಮಾಡಿಸಿದರು, ರೋಗಿಗಳನ್ನು ನೋಡಿದರು, ಊರೂರು ಸುತ್ತಿ ರಕ್ತ ಪರೀಕ್ಷೆ ನಡೆಸಿದರು.

ಆಗ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಒಂದೇ ನೀರು, ಒಂದೇ ಸೊಳ್ಳೆ, ಒಂದೇ ವಾತಾವರಣವಿದ್ದರೂ ಆನೆಕಾಲು ರೋಗದ ಹುಳುವಿನ ಸೋಂಕು ಒಂದು ಸಮುದಾಯದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇತ್ತು. ಒಂದೇ ಕಡೆ ಬದುಕುವ ಇಬ್ಬರಲ್ಲಿ ಒಬ್ಬನಿಗೆ ರೋಗ ಬರುತ್ತದೆ, ಇನ್ನೊಬ್ಬನಿಗೆ ಏಕೆ ಬರುವುದಿಲ್ಲ? ಈ ಪ್ರಶ್ನೆಯೇ ಮುಂದಿನ ಅರವತ್ತು ವರ್ಷಗಳ ಕಾಲ ಅವರ ಜೊತೆಗಿತ್ತು.

ಪ್ರಶ್ನೆಯನ್ನು ಹಿಂಬಾಲಿಸಿ 1955ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೇಲಿಯಲ್ ಕಾಲೇಜಿಗೆ ಹೋಗಿ, 1957ರಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಆಂಟನಿ ಆಲಿಸನ್ ಎಂಬ ವಿಜ್ಞಾನಿಯ ಪರಿಚಯವಾಯಿತು. ಮನುಷ್ಯರ ರಕ್ತದಲ್ಲಿ ವಂಶದಿಂದ ಬರುವ ಸಣ್ಣ ಸಣ್ಣ ವ್ಯತ್ಯಾಸಗಳು ರೋಗವನ್ನು ತಡೆಯಬಲ್ಲವು ಎಂದು ತೋರಿಸಿದವರಲ್ಲಿ ಆಲಿಸನ್ ಪ್ರಮುಖರು. ಅಂತಹ ವ್ಯತ್ಯಾಸಗಳನ್ನು ಹುಡುಕಲು ಬ್ಲಂಬರ್ಗ್ 1957ರಲ್ಲಿ ನೈಜೀರಿಯಾಕ್ಕೆ ಹೋದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿ, ಜಗತ್ತಿನ ನಾನಾ ಮೂಲೆಗಳ ಜನರ ರಕ್ತದ ಮಾದರಿಗಳನ್ನು ಸಂಗ್ರಹಿಸತೊಡಗಿದರು.

ಆಸ್ಟ್ರೇಲಿಯಾ ಆಂಟಿಜನ್

ಅವರ ಯೋಚನೆ ಸರಳವಾಗಿತ್ತು. ಯಾವುದಾದರೂ ಕಾಯಿಲೆಯಿಂದ ಪದೇ ಪದೇ ಬೇರೆಯವರ ರಕ್ತವನ್ನು ಪಡೆದ ರೋಗಿಯ ದೇಹ, ತನ್ನಲ್ಲಿಲ್ಲದ ಹೊಸ ಪ್ರೋಟೀನುಗಳನ್ನು ಕಂಡು ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಂಡಿರಬೇಕು. ಅಂತಹ ರೋಗಿಯ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಬೇರೆ ಬೇರೆ ದೇಶದವರ ಸೀರಮ್ಮಿನೊಡನೆ ಇಟ್ಟು ನೋಡಿದರೆ ವ್ಯತ್ಯಾಸಗಳು ಬಯಲಾಗುತ್ತವೆ.

ಪರೀಕ್ಷೆಯ ವಿಧಾನವೂ ಸರಳ. ಅಗಾರ್ ಎಂಬ ಪಾರದರ್ಶಕ ಲೋಳೆಯನ್ನು ಗಾಜಿನ ಮೇಲೆ ಹರಡುತ್ತಾರೆ. ರಂಜಾನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಸಿಹಿ ಮಾಡಲು ತರುವ ಚೈನಾ ಗ್ರಾಸ್ ಕೂಡ ಇದೇ ಅಗಾರ್. ಅದರಲ್ಲಿ ಚಿಕ್ಕ ಗುಳಿಗಳನ್ನು ಮಾಡಿ, ನಡುವಿನ ಗುಳಿಯಲ್ಲಿ ಒಂದು ಸೀರಮ್ಮನ್ನೂ ಸುತ್ತಲಿನ ಗುಳಿಗಳಲ್ಲಿ ಬೇರೆ ಸೀರಮ್ಮುಗಳನ್ನೂ ಹಾಕುತ್ತಾರೆ. ಅವು ನಿಧಾನವಾಗಿ ಹರಡಿ ಒಂದನ್ನೊಂದು ಸಂಧಿಸುತ್ತವೆ. ಪ್ರತಿಕಾಯವೂ ಅದಕ್ಕೆ ತಕ್ಕ ಪ್ರೋಟೀನೂ ಕೂಡಿದರೆ ಅಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ.

ರಕ್ತನಿಧಿಯಲ್ಲಿದ್ದ ಯುವ ವೈದ್ಯ ಹಾರ್ವೆ ಆಲ್ಟರ್ ಕೂಡ ಈ ಕೆಲಸದಲ್ಲಿ ಸೇರಿಕೊಂಡರು. 1963ರಲ್ಲಿ ನ್ಯೂಯಾರ್ಕಿನ ಒಬ್ಬ ಹಿಮೋಫಿಲಿಯಾ ರೋಗಿಯ ಸೀರಮ್ಮನ್ನು 24 ಮಾದರಿಗಳೊಡನೆ ಇಟ್ಟು ನೋಡಿದಾಗ, ಅವುಗಳಲ್ಲಿ ಒಂದರ ಜೊತೆ ಮಾತ್ರ ಗೆರೆ ಮೂಡಿತು. ಆ ಮಾದರಿ ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯದು. ಅವರು ಹಿಂದೆ ಕಂಡಿದ್ದ ಗೆರೆಗಳು ಕೊಬ್ಬಿಗೆ ಹತ್ತುವ ಬಣ್ಣದಿಂದ ನೀಲಿಯಾಗುತ್ತಿದ್ದವು. ಈ ಗೆರೆ ಆ ಬಣ್ಣವನ್ನು ಸರಿಯಾಗಿ ಹೀರಲಿಲ್ಲ. ಪ್ರೋಟೀನಿಗೆ ಹತ್ತುವ ಬಣ್ಣ ಹಾಕಿದಾಗ ಕೆಂಪಾಯಿತು. ಅಂದರೆ ಇದು ಬೇರೆಯೇ ವಸ್ತು. ಅದಕ್ಕೆ ಆಸ್ಟ್ರೇಲಿಯಾ ಆಂಟಿಜನ್ ಎಂದು ಹೆಸರಿಟ್ಟರು. ಅದೇನು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಕಾಮಾಲೆಯ ಯೋಚನೆ ಅವರ ತಲೆಯಲ್ಲಿ ಇರಲೇ ಇಲ್ಲ.

ತಪ್ಪು ಊಹೆಯಿಂದ ಸರಿಯಾದ ಉತ್ತರಕ್ಕೆ

1964ರಲ್ಲಿ ಬ್ಲಂಬರ್ಗ್ ಫಿಲಡೆಲ್ಫಿಯಾ ನಗರದ ಫಾಕ್ಸ್ ಚೇಸ್‌ನಲ್ಲಿದ್ದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದಾಗ ಈ ಆಂಟಿಜನ್ ಅಮೆರಿಕದ ಆರೋಗ್ಯವಂತರಲ್ಲಿ ಸಾವಿರಕ್ಕೆ ಒಬ್ಬರಲ್ಲಿಯಷ್ಟೇ ಸಿಕ್ಕಿತು. ಏಷ್ಯಾ ಮತ್ತು ಆಫ್ರಿಕಾದ ಕೆಲವು ಭಾಗಗಳಲ್ಲಿ ಸಾಕಷ್ಟು ಜನರಲ್ಲಿ ಸಿಕ್ಕಿತು. ಹಾಗೆಯೇ ರಕ್ತದ ಕ್ಯಾನ್ಸರ್ ರೋಗಿಗಳಲ್ಲಿಯೂ ಹೆಚ್ಚಾಗಿ ಕಂಡಿತು. ಹಾಗಾದರೆ ಇದು ವಂಶದಿಂದ ಬರುವ ಗುಣವಾಗಿದ್ದು, ಇದುಳ್ಳವರಿಗೆ ರಕ್ತದ ಕ್ಯಾನ್ಸರ್ ಬರುವ ಸಂಭವ ಹೆಚ್ಚಿರಬೇಕು ಎಂದು ಅವರು ಊಹಿಸಿದರು.

ಊಹೆಯನ್ನು ಪರೀಕ್ಷಿಸಬೇಕಲ್ಲವೇ? ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂಬುದು ತಿಳಿದಿತ್ತು. ಆದ್ದರಿಂದ ಅಂತಹವರ ರಕ್ತವನ್ನು ಪರೀಕ್ಷಿಸಿದರು. ದೊಡ್ಡ ಆಶ್ರಮಗಳಲ್ಲಿದ್ದವರಲ್ಲಿ ಸುಮಾರು ನೂರಕ್ಕೆ ಮೂವತ್ತು ಮಂದಿಯಲ್ಲಿ ಆಂಟಿಜನ್ ಸಿಕ್ಕಿತು. ಊಹೆ ಸರಿಯಾಯಿತೆಂದು ಸಂತೋಷಪಟ್ಟು ಸುಮ್ಮನಾಗಬಹುದಿತ್ತು. ಅವರು ಸುಮ್ಮನಾಗಲಿಲ್ಲ. ಡೌನ್ ಸಿಂಡ್ರೋಮ್ ಇರುವ ನವಜಾತ ಶಿಶುಗಳನ್ನು ನೋಡಿದರು, ಅವುಗಳಲ್ಲಿ ಆಂಟಿಜನ್ ಇರಲಿಲ್ಲ. ವಂಶದ ಗುಣವಾಗಿದ್ದರೆ ಹುಟ್ಟಿನಿಂದಲೇ ಇರಬೇಕಿತ್ತು. ಕಿಕ್ಕಿರಿದ ದೊಡ್ಡ ಆಶ್ರಮಗಳಲ್ಲಿ ಹೆಚ್ಚು, ಚಿಕ್ಕ ಆಶ್ರಮಗಳಲ್ಲಿ ಕಡಿಮೆ ಇತ್ತು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಸೋಂಕಿನ ಲಕ್ಷಣ.

1966ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಹಿಂದೆ ಆಂಟಿಜನ್ ಇಲ್ಲದಿದ್ದ ಒಬ್ಬ ರೋಗಿಯಲ್ಲಿ ಎರಡನೇ ಪರೀಕ್ಷೆಯಲ್ಲಿ ಅದು ಕಾಣಿಸಿಕೊಂಡಿತು. ಅವನ ಯಕೃತ್ತನ್ನು ಪರೀಕ್ಷಿಸಿದಾಗ ಹೆಪಟೈಟಿಸ್, ಅಂದರೆ ಯಕೃತ್ತಿನ ಉರಿಯೂತ ಇರುವುದು ಗೊತ್ತಾಯಿತು. 1967ರ ಏಪ್ರಿಲ್‌ನಲ್ಲಿ ಅವರ ಪ್ರಯೋಗಾಲಯದಲ್ಲಿಯೇ ಕೆಲಸ ಮಾಡುತ್ತಿದ್ದ ಒಬ್ಬ ಸಹಾಯಕಿಗೆ ಮೈ ಸರಿಯಿಲ್ಲದಂತಾಯಿತು. ಸಂಜೆ ಆಕೆ ತನ್ನ ಸೀರಮ್ಮನ್ನೇ ಪರೀಕ್ಷೆಗೆ ಇಟ್ಟರು. ಬೆಳಿಗ್ಗೆ ನೋಡಿದರೆ ತೆಳ್ಳನೆಯ ಗೆರೆ ಮೂಡಿತ್ತು. ಕೆಲವು ದಿನಗಳಲ್ಲಿ ಕಾಮಾಲೆಯೂ ಕಾಣಿಸಿಕೊಂಡಿತು. ಅದೃಷ್ಟವಶಾತ್ ಆಕೆ ಪೂರ್ಣವಾಗಿ ಗುಣವಾದರು. ಈ ಪರೀಕ್ಷೆಯಿಂದ ಹೆಪಟೈಟಿಸ್ ಪತ್ತೆಯಾದ ಮೊದಲ ವ್ಯಕ್ತಿ ಆಕೆ.

ಅದೇ ವರ್ಷ ಆಸ್ಟ್ರೇಲಿಯಾ ಆಂಟಿಜನ್‌ಗೂ ಹೆಪಟೈಟಿಸ್‌ಗೂ ಇರುವ ಸಂಬಂಧವನ್ನು ಬ್ಲಂಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಮೊದಲಿಗೆ ಎಲ್ಲರೂ ನಂಬಲಿಲ್ಲ. ಕಾಮಾಲೆಯ ವೈರಸ್ಸನ್ನು ಹಲವು ವರ್ಷಗಳಿಂದ ಹುಡುಕುತ್ತಿದ್ದವರಿಗೆ, ಹೊರಗಿನವರೊಬ್ಬರು ಅದನ್ನು ಕಂಡುಹಿಡಿದರೆಂದರೆ ಸಂಶಯ ಬರುವುದು ಸಹಜ. ಆದರೆ ಜಪಾನಿನ ಒಕೋಚಿ, ನ್ಯೂಯಾರ್ಕಿನ ಆಲ್ಫ್ರೆಡ್ ಪ್ರಿನ್ಸ್ ಮೊದಲಾದವರ ಕೆಲಸ ಇದನ್ನೇ ದೃಢಪಡಿಸಿತು. 1970ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಅವರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಡೀ ವೈರಸ್ ಕಣವನ್ನು ಕಂಡರು. ಆಸ್ಟ್ರೇಲಿಯಾ ಆಂಟಿಜನ್ ಎಂದರೆ ಹೆಪಟೈಟಿಸ್ ಬಿ ವೈರಸ್ಸಿನ ಹೊರಗಿನ ಹೊದಿಕೆಯ ಪ್ರೋಟೀನ್ ಎಂಬುದು ಖಚಿತವಾಯಿತು. ಪದೇ ಪದೇ ರಕ್ತ ಪಡೆದಿದ್ದ ಆ ಹಿಮೋಫಿಲಿಯಾ ರೋಗಿಗೆ ಹಿಂದೆ ಯಾವುದೋ ರಕ್ತದಿಂದ ಈ ಸೋಂಕು ತಗುಲಿ, ಪ್ರತಿಕಾಯ ಹುಟ್ಟಿತ್ತು. ಗೆರೆ ಮೂಡಿದ ರಹಸ್ಯ ಇಷ್ಟೇ.

ಸುರಕ್ಷಿತ ರಕ್ತ, ಸುರಕ್ಷಿತ ಲಸಿಕೆ

ಈ ಸಂಶೋಧನೆಯಿಂದ ಮೊದಲು ಪ್ರಯೋಜನ ಪಡೆದವರು ರಕ್ತ ಪಡೆಯುವ ರೋಗಿಗಳು. ಅಲ್ಲಿಯವರೆಗೆ ರಕ್ತದ ಬಾಟಲಿಯ ಜೊತೆಯಲ್ಲೇ ಕಾಮಾಲೆಯೂ ರೋಗಿಯ ದೇಹವನ್ನು ಸೇರುತ್ತಿತ್ತು. ದಾನಿ ನೋಡಲು ಆರೋಗ್ಯವಂತನಾಗಿಯೇ ಇರುತ್ತಿದ್ದ. 1970ರ ದಶಕದ ಆರಂಭದಲ್ಲಿ ಅಮೆರಿಕದ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಕಡ್ಡಾಯವಾಯಿತು, ಬಳಿಕ ಬೇರೆ ದೇಶಗಳಿಗೂ ಹರಡಿತು.

ಎರಡನೆಯದು ಲಸಿಕೆ. ಹೆಪಟೈಟಿಸ್ ಬಿ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗ ಬರುತ್ತಿರಲಿಲ್ಲ. ಬೆಳೆಸದೆ ಲಸಿಕೆ ಮಾಡುವುದು ಹೇಗೆ? ಸೋಂಕಿರುವವರ ರಕ್ತದಲ್ಲಿ ವೈರಸ್ಸಿನ ಬರಿಯ ಹೊದಿಕೆಯ ಚೂರುಗಳು ಅಪಾರವಾಗಿ ತೇಲುತ್ತಿರುತ್ತವೆ. ಅವು ರೋಗ ತರಲಾರವು, ಆದರೆ ದೇಹಕ್ಕೆ ಶತ್ರುವಿನ ಗುರುತನ್ನು ಪರಿಚಯಿಸಬಲ್ಲವು. ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಇರ್ವಿಂಗ್ ಮಿಲ್‌ಮನ್ ಈ ಚೂರುಗಳನ್ನು ಬೇರ್ಪಡಿಸಿ ಲಸಿಕೆ ಮಾಡುವ ವಿಧಾನವನ್ನು 1969ರಲ್ಲಿಯೇ ರೂಪಿಸಿದರು. ಮನುಷ್ಯನ ರಕ್ತದಿಂದ ಲಸಿಕೆ ತೆಗೆಯುವುದು ಅದುವರೆಗೆ ಕೇಳರಿಯದ ಮಾತು. ಮುಂದೆ ಮರ್ಕ್ ಕಂಪನಿಯ ಮಾರಿಸ್ ಹಿಲ್‌ಮನ್ ಅವರು ಇದನ್ನು ಬಳಕೆಗೆ ಯೋಗ್ಯವಾಗುವಂತೆ ಬೆಳೆಸಿದರು. ವುಲ್ಫ್ ಶ್ಮುನೆಸ್ ಅವರು ನ್ಯೂಯಾರ್ಕಿನಲ್ಲಿ 1083 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಲಸಿಕೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ರಕ್ಷಣೆ ನೀಡಿತ್ತು. 1981ರಲ್ಲಿ ಅಮೆರಿಕ ಸರ್ಕಾರ ಅನುಮತಿ ನೀಡಿತು.

ಇದರ ಫಲ ಕಾಮಾಲೆಯನ್ನು ತಡೆಯುವುದಷ್ಟೇ ಅಲ್ಲ. ಹೆಪಟೈಟಿಸ್ ಬಿ ವೈರಸ್ ಕೆಲವರ ದೇಹದಲ್ಲಿ ಹತ್ತಾರು ವರ್ಷ ಅಡಗಿದ್ದು ಯಕೃತ್ತಿನ ಕ್ಯಾನ್ಸರನ್ನು ತರುತ್ತದೆ. ಬ್ಲಂಬರ್ಗ್ ಅವರ ತಂಡ ಆಫ್ರಿಕಾದ ಸೆನೆಗಲ್‌ನಲ್ಲಿ ನಡೆಸಿದ ಅಧ್ಯಯನವು ತಾಯಿಯಿಂದ ಮಗುವಿಗೆ ಬರುವ ಸೋಂಕೇ ಈ ಕ್ಯಾನ್ಸರಿಗೆ ದಾರಿಯಾಗುತ್ತದೆ ಎಂಬುದನ್ನು ಸೂಚಿಸಿತು. ತೈವಾನ್‌ನಲ್ಲಿ ಪಾಮರ್ ಬೀಸ್ಲಿ ಅವರು 22,707 ಪುರುಷರನ್ನು ವರ್ಷಗಟ್ಟಲೆ ಗಮನಿಸಿ, ಸೋಂಕಿರುವವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಇನ್ನೂರು ಪಟ್ಟಿಗಿಂತ ಹೆಚ್ಚು ಎಂದು 1981ರಲ್ಲಿ ತೋರಿಸಿದರು. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧದಷ್ಟು ಇಳಿಯಿತು. ಮನುಷ್ಯನ ಒಂದು ಕ್ಯಾನ್ಸರನ್ನು ತಡೆದ ಮೊದಲ ಲಸಿಕೆ ಇದು.

1976ರಲ್ಲಿ ಬ್ಲಂಬರ್ಗ್ ಅವರಿಗೆ ಕಾರ್ಲ್‌ಟನ್ ಗಜ್ದುಸೆಕ್ ಅವರೊಂದಿಗೆ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಎಚ್‌ಐವಿ ತಂದ ಭಯ

ಲಸಿಕೆಗೆ ಅನುಮತಿ ಸಿಕ್ಕ 1981ರಲ್ಲಿಯೇ ಅಮೆರಿಕದಲ್ಲಿ ಏಡ್ಸ್ ರೋಗದ ಮೊದಲ ವರದಿಗಳು ಬಂದವು. ಅದಕ್ಕೆ ಕಾರಣವಾದ ವೈರಸ್ 1983ರಲ್ಲಿ ಪತ್ತೆಯಾಯಿತು, ಅದನ್ನು ನಾವು ಎಚ್‌ಐವಿ ಎಂದು ಕರೆಯುತ್ತೇವೆ. ಅದೂ ರಕ್ತದಿಂದ ಹರಡುವಂಥದ್ದು. ಹೆಪಟೈಟಿಸ್ ಲಸಿಕೆ ಮನುಷ್ಯರ ರಕ್ತದಿಂದ ತಯಾರಾಗುತ್ತದೆ, ಅದರಿಂದ ಏಡ್ಸ್ ಬಂದರೆ ಗತಿಯೇನು ಎಂದು ಜನ ಹೆದರಿದರು. ವೈದ್ಯರು, ದಾದಿಯರು ಕೂಡ ಹಿಂಜರಿದರು. ತಯಾರಿಕೆಯಲ್ಲಿ ಬಳಸುವ ಪೆಪ್ಸಿನ್, ಯೂರಿಯಾ ಮತ್ತು ಫಾರ್ಮಾಲಿನ್ ಎಂಬ ಮೂರು ಹಂತಗಳೂ ಎಚ್‌ಐವಿಯನ್ನು ನಾಶಮಾಡುತ್ತವೆಂದು ಪರೀಕ್ಷೆಗಳು ತೋರಿಸಿದವು. ಲಸಿಕೆ ಸುರಕ್ಷಿತವಾಗಿಯೇ ಇತ್ತು. ಆದರೂ ಭಯ ಬೇಗ ಹೋಗಲಿಲ್ಲ. 1986ರಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಬೆಳೆಸಿದ ಪ್ರೋಟೀನಿನ ಲಸಿಕೆ ಬಂದ ಮೇಲೆ ಮನುಷ್ಯರ ರಕ್ತದ ಅಗತ್ಯವೇ ಇಲ್ಲವಾಯಿತು.

ಈ ಎರಡು ವೈರಸ್‌ಗಳ ನಡುವೆ ಇನ್ನೊಂದು ನಂಟಿದೆ. ದೇಹದೊಳಗೆ ಅವು ತಮ್ಮ ಪ್ರತಿಗಳನ್ನು ಮಾಡಿಕೊಳ್ಳುವ ರೀತಿಯಲ್ಲಿ ಹೋಲಿಕೆ ಇರುವುದರಿಂದ, ಎಚ್‌ಐವಿಗೆಂದು ಬಂದ ಲ್ಯಾಮಿವುಡಿನ್, ಟೆನೊಫೊವಿರ್ ಔಷಧಿಗಳು ಹೆಪಟೈಟಿಸ್ ಬಿಯನ್ನೂ ಹತೋಟಿಯಲ್ಲಿಡುತ್ತವೆ. ನಮ್ಮ ದೇಶದಲ್ಲಿ ಈಗ ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಈ ಐದಕ್ಕೂ ಪರೀಕ್ಷಿಸಿಯೇ ರೋಗಿಗೆ ಕೊಡಬೇಕು.

ಬೆಂಗಳೂರು ಮತ್ತು ನೆಲನೆಲ್ಲಿ

ಬ್ಲಂಬರ್ಗ್ ಅವರಿಗೂ ನಮ್ಮ ನಾಡಿಗೂ ಸಂಬಂಧವಿದೆ. ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿ 1986ರಲ್ಲಿ ಅವರು ರಾಮನ್ ಪೀಠದ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

ನಮ್ಮ ಹಿತ್ತಲಿನ ನೆಲನೆಲ್ಲಿಯನ್ನೂ ಅವರು ಕಡೆಗಣಿಸಲಿಲ್ಲ. ತಲೆತಲಾಂತರದಿಂದ ಜನ ಕಾಮಾಲೆಗೆ ಬಳಸುವ ಗಿಡ ಇದು, ಇದರಲ್ಲಿ ಏನಾದರೂ ಇರಬಹುದಲ್ಲವೇ ಎಂದು ಯೋಚಿಸಿದರು. ಅವರ ಪ್ರಯೋಗಾಲಯದಲ್ಲಿ ವೆಂಕಟೇಶ್ವರನ್ ಮತ್ತು ಮಿಲ್‌ಮನ್ ಅವರೊಡನೆ ನಡೆಸಿದ ಪ್ರಯೋಗಗಳು 1987ರಲ್ಲಿ ಪ್ರಕಟವಾದವು. ಮದರಾಸಿನಲ್ಲಿ ತ್ಯಾಗರಾಜನ್ ಅವರು ಬ್ಲಂಬರ್ಗ್ ಅವರ ಸಹಯೋಗದಲ್ಲಿ ಹೆಪಟೈಟಿಸ್ ಬಿ ಸೋಂಕಿರುವವರಿಗೆ ಈ ಗಿಡದ ಪುಡಿಯನ್ನು ಕೊಟ್ಟು ನೋಡಿದರು. 37 ಜನರಲ್ಲಿ 22 ಜನರ ರಕ್ತದಿಂದ ಆಂಟಿಜನ್ ಮಾಯವಾಯಿತೆಂಬ ವರದಿ 1988ರಲ್ಲಿ ಬಂದಾಗ ಎಲ್ಲೆಡೆ ಆಸೆ ಮೂಡಿತು. ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್ ಮುಂತಾದ ಕಡೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಆದ್ದರಿಂದ ನೆಲನೆಲ್ಲಿಯನ್ನು ನಂಬಿ ವೈದ್ಯರ ಬಳಿ ಹೋಗದಿರುವುದು ಅಪಾಯ. ಹಳ್ಳಿಯ ಗಿಡವೆಂದು ಅವರು ಹೀಗಳೆಯಲಿಲ್ಲ, ಹಿರಿಯರ ಮಾತೆಂದು ಕಣ್ಣು ಮುಚ್ಚಿ ಒಪ್ಪಲೂ ಇಲ್ಲ, ಪರೀಕ್ಷಿಸಿ ನೋಡಿದರು. ಇದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಸೋಂಕಿತರ ಬಗ್ಗೆ ಕಾಳಜಿ

ತಾವು ಕಂಡುಹಿಡಿದ ಪರೀಕ್ಷೆಯಿಂದಲೇ ಜನರಿಗೆ ತೊಂದರೆಯಾಗಬಹುದೆಂಬ ಚಿಂತೆ ಬ್ಲಂಬರ್ಗ್ ಅವರನ್ನು ಕಾಡಿತು. ಸೋಂಕಿದೆ ಎಂದು ಗೊತ್ತಾದವರನ್ನು ಸಮಾಜ ದೂರ ಇಟ್ಟರೆ? ಕೆಲಸದಿಂದ ತೆಗೆದರೆ? 1975ರಲ್ಲಿ ವಿಯೆಟ್ನಾಂ ಯುದ್ಧದ ಅನಾಥ ಮಕ್ಕಳನ್ನು ಅಮೆರಿಕದವರು ದತ್ತು ಪಡೆಯುವಾಗ, ಆ ಮಕ್ಕಳ ರಕ್ತ ಪರೀಕ್ಷೆ ಮಾಡಬೇಕೇ ಎಂಬ ಪ್ರಶ್ನೆ ಎದ್ದಿತು. ಸೋಂಕಿದೆ ಎಂದು ತಿಳಿದರೆ ಆ ಮಗುವಿಗೆ ಮನೆ ಸಿಗದೆ ಹೋಗಬಹುದಿತ್ತು. ಇಂತಹ ನೈತಿಕ ಪ್ರಶ್ನೆಗಳ ಬಗ್ಗೆ ಅವರು 1970ರ ದಶಕದಲ್ಲಿಯೇ ಬರೆದರು. ರೋಗವನ್ನು ತಡೆಯಬೇಕು, ಆದರೆ ಸೋಂಕಿತನ ಬದುಕನ್ನು ಕಸಿಯಬಾರದು ಎಂಬುದು ಅವರ ನಿಲುವಾಗಿತ್ತು. ಹತ್ತು ವರ್ಷಗಳ ನಂತರ ಎಚ್‌ಐವಿ ಸೋಂಕಿತರ ವಿಷಯದಲ್ಲಿ ಜಗತ್ತು ಎದುರಿಸಿದ್ದೂ ಇದೇ ಪ್ರಶ್ನೆಯನ್ನು.

ಕೊನೆಯ ವರ್ಷಗಳು

1989ರಿಂದ 1994ರವರೆಗೆ ಅವರು ತಾವು ಓದಿದ ಬೇಲಿಯಲ್ ಕಾಲೇಜಿಗೇ ಮುಖ್ಯಸ್ಥರಾದರು. ಶತಮಾನಗಳ ಇತಿಹಾಸವುಳ್ಳ ಆ ಕಾಲೇಜಿಗೆ ಮುಖ್ಯಸ್ಥರಾದ ಮೊದಲ ಅಮೆರಿಕನ್ ಅವರು. 1999ರಲ್ಲಿ, ವಯಸ್ಸು ಎಪ್ಪತ್ತು ದಾಟಿದ ಮೇಲೆ, ಬೇರೆ ಗ್ರಹಗಳಲ್ಲಿ ಜೀವವಿದೆಯೇ ಎಂದು ಹುಡುಕುವ ನಾಸಾದ ಖಗೋಳ ಜೀವವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ 2002ರವರೆಗೆ ದುಡಿದರು. 2005ರಿಂದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 2011ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿ ಒಂದು ವಿಚಾರಗೋಷ್ಠಿಯಲ್ಲಿ ಭಾಷಣ ಮಾಡಿದ ಸ್ವಲ್ಪ ಹೊತ್ತಿನಲ್ಲೇ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 85 ವರ್ಷ.

ಅವರ ಜನ್ಮದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸಲಾಗುತ್ತದೆ. ಮೊದಲ ಗೆರೆಯನ್ನು ಅವರೊಡನೆ ಕಂಡ ಹಾರ್ವೆ ಆಲ್ಟರ್ ಅವರಿಗೆ ಹೆಪಟೈಟಿಸ್ ಸಿ ವೈರಸ್ಸಿನ ಪತ್ತೆಗಾಗಿ 2020ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ದೊರೆಯಿತು.

ನಾವು ಮಾಡಬೇಕಾದದ್ದು

ಬ್ಲಂಬರ್ಗ್ ಅವರ ಕೆಲಸ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಹೆಪಟೈಟಿಸ್ ಬಿ ಸೋಂಕಿತ್ತು, ಅವರಲ್ಲಿ ಸುಮಾರು 3 ಕೋಟಿ ಜನ ಭಾರತೀಯರು. ಬಹಳಷ್ಟು ಜನರಿಗೆ ಅದು ತಮ್ಮಲ್ಲಿದೆ ಎಂಬುದೇ ಗೊತ್ತಿಲ್ಲ. ಒಂದು ಕಾಲದಲ್ಲಿ ವಿದೇಶದಿಂದ ಬರುತ್ತಿದ್ದ ಈ ಲಸಿಕೆ ಬಹಳ ದುಬಾರಿಯಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಕಂಪನಿ ಅದನ್ನು ನಮ್ಮ ದೇಶದಲ್ಲಿಯೇ ತಯಾರಿಸಿ ಬಹಳ ಕಡಿಮೆ ಬೆಲೆಗೆ ಕೊಟ್ಟಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಉಚಿತ. ಮಗು ಹುಟ್ಟಿದ 24 ಗಂಟೆಯೊಳಗೆ ಒಂದು ಚುಚ್ಚುಮದ್ದು, ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಜೊತೆ ಕೊಡುತ್ತಾರೆ. ಮೊದಲ ದಿನದ ಚುಚ್ಚುಮದ್ದನ್ನು ತಪ್ಪಿಸಬಾರದು. ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ತಡೆಯುವುದು ಅದೇ.

ಕೊನೆಯದಾಗಿ, ಅಂದು ನನ್ನ ತರಗತಿಯಲ್ಲಿ ಹುಡುಗರು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಕಾಮಾಲೆಯಲ್ಲಿ ಹಲವು ವಿಧಗಳಿವೆ. ಹೆಪಟೈಟಿಸ್ ಎ ಮತ್ತು ಇ ಹರಡುವುದು ಮುಖ್ಯವಾಗಿ ಕೊಳೆಯಾದ ನೀರು, ಆಹಾರದಿಂದ. ಕಾಯಿಸಿದ ನೀರು, ಸಾಬೂನಿನಿಂದ ತೊಳೆದ ಕೈ ಇದಕ್ಕೆ ರಕ್ಷಣೆ. ಹೆಪಟೈಟಿಸ್ ಬಿ ಮತ್ತು ಎಚ್‌ಐವಿ ಹರಡುವುದು ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದರಿಂದ, ಲೈಂಗಿಕ ಸಂಪರ್ಕದಿಂದ ಮತ್ತು ತಾಯಿಯಿಂದ ಮಗುವಿಗೆ. ಕ್ಷೌರದ ಅಂಗಡಿಯಲ್ಲಿ ಹೊಸ ಬ್ಲೇಡನ್ನೇ ಕೇಳಬೇಕು. ಆದರೆ ಪಕ್ಕದಲ್ಲಿ ಕುಳಿತರೆ, ಸಲಾಂ ಹೇಳಿ ಕೈ ಕುಲುಕಿದರೆ, ಈದ್ ದಿನ ಅಪ್ಪಿಕೊಂಡರೆ, ಒಂದೇ ದಸ್ತರ್‌ಖಾನಿನಲ್ಲಿ ಕುಳಿತು ಉಂಡರೆ ಹೆಪಟೈಟಿಸ್ ಬಿ ಬರುವುದಿಲ್ಲ, ಎಚ್‌ಐವಿಯೂ ಬರುವುದಿಲ್ಲ.

ಆ ಹುಡುಗ ಈಗ ನಮ್ಮ ಶಾಲೆ ಬಿಟ್ಟು ಕಾಲೇಜು ಸೇರಿದ್ದಾನೆ. ಅಂದು ಅವನ ಪಕ್ಕದಲ್ಲಿ ನಾನೇ ಹೋಗಿ ಕುಳಿತುಕೊಳ್ಳಬೇಕಿತ್ತು ಎಂದು ಈಗ ಅನಿಸುತ್ತದೆ. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿ ಅಂತಹ ಸಂದರ್ಭ ಬಂದಾಗ ಹಾಗೆ ಮಾಡಿದರೆ ನನ್ನ ಶ್ರಮ ಸಾರ್ಥಕ.